ಗಬ್ಬೂರಿನ ಎರೆಹೊಲದಲ್ಲಿ ಪರೀಕ್ಷೆಯ ನಂತರದ ಬಿಡುವು

ಹುಬ್ಬಳ್ಳಿಯಿಂದ ಪಿ.ಬಿ. ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ನಗರದ ಅಂಚಿನಲ್ಲಿಯೇ ಗಬ್ಬೂರ ಸಿಗುತ್ತದೆ. ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್ ಸಾಗುವ ಬೈಪಾಸ್ ರಸ್ತೆ ಕವಲೊಡೆಯುವುದು ಇಲ್ಲಿಯೇ. ಊರು ನೋಡಬಂದವರು ಸಿದ್ಧಾರೂಢ ಮಠಕ್ಕೆ ಹೋಗುತ್ತಾರೆ, ಉಣಕಲ್ಲ ಕೆರೆಯ ದಂಡೆಯಲ್ಲಿ ಕೂಡುತ್ತಾರೆ, ಚಂದ್ರಮೌಳೇಶ್ವರ ಗುಡಿಯ ಶಿಲ್ಪಕ್ಕೆ ಬೆರಗಾಗುತ್ತಾರೆ. ಗಬ್ಬೂರಿನಲ್ಲಿ ಇಳಿಯುವವರು ವಿರಳ. ಕಳೆದ ಎಳ್ಳ ಅಮವಾಸ್ಯೆಯಂದು ನಾವು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಇಳಿದದ್ದು ಅಲ್ಲಿಯೇ, ಬೀಗರ ಹೊಲಕ್ಕೆ. ನಮ್ಮೊಡನೆ ಆಗಷ್ಟೇ ಪರೀಕ್ಷೆ ಮುಗಿಸಿದ್ದ ಇಬ್ಬರು ಕಾಲೇಜು ಮಕ್ಕಳಿದ್ದರು.

ಹಿಂದೆ ವರ್ಷಕ್ಕೊಂದೇ ಪರೀಕ್ಷೆ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ, ಹುಬ್ಬಳ್ಳಿಯ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು 1947ರಲ್ಲಿ ಆರಂಭವಾದವು. ಹಳ್ಳಿಗಳಿಂದ ಬಂದು ಇಂತಹ ಕಾಲೇಜುಗಳಲ್ಲಿ ಓದಿದ ಹಿರಿಯರು ರಜೆಗೆ ಊರಿಗೆ ಮರಳುವಾಗ ಬೇಸಿಗೆ, ಹೊಲಗಳೆಲ್ಲ ಬೋಳು. ಈಗಿನ ಸೆಮಿಸ್ಟರ್ ಪದ್ಧತಿಯಲ್ಲಿ ಚಳಿಗಾಲಕ್ಕೂ ಒಂದು ಬಿಡುವು ದೊರೆಯುತ್ತದೆ. ಎರೆಭೂಮಿಯಲ್ಲಿ ಬಿಳಿಜೋಳ ತೆನೆಗಟ್ಟುವ, ಕಡಲೆ ಕಾಯಿ ಹಿಡಿಯುವ ಕಾಲವೇ ಅದು. ವೇಳಾಪಟ್ಟಿ ಮಾಡಿದವರು ಹೊಲವನ್ನು ನೆನೆದು ಮಾಡಿದ್ದಲ್ಲ. ಆದರೂ ಮಕ್ಕಳ ಪಾಲಿಗೆ ಅದೊಂದು ಭಾಗ್ಯ.

ನಮ್ಮ ತಂಗಿಯ ಮಗಳು ಇಂಜಿನಿಯರಿಂಗ್ ಮೂರನೆಯ ವರ್ಷದವಳು. ಪರೀಕ್ಷೆ ಮುಗಿದು ನಾಲ್ಕು ದಿನಗಳಾದರೂ ಅವಳಿಗೆ ರಾತ್ರಿ ಎರಡರವರೆಗೆ ನಿದ್ರೆ ಹತ್ತುತ್ತಿರಲಿಲ್ಲ. ಬರುವ ಸೋಮವಾರದಿಂದಲೇ ಕೋಚಿಂಗ್ ತರಗತಿಗೆ ಹಚ್ಚಬೇಕೆಂದು ಅವಳ ತಂದೆಯವರು ವಿಚಾರ ಮಾಡಿದ್ದರು. ಹುಡುಗಿ ಬೇಡವೆನ್ನಲಿಲ್ಲ, ಸುಮ್ಮನೆ ತಲೆ ತಗ್ಗಿಸಿದ್ದಳು. ಆ ಮೌನವೇ ನಮ್ಮನ್ನು ಹೆಚ್ಚು ಕಳವಳಗೊಳಿಸಿತ್ತು.

ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲುಗಳನ್ನಿಟ್ಟು ಪೂಜಿಸಿದರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಶೇಂಗಾದ ಹೋಳಿಗೆ ಎಡೆಯಾದವು. ಬಳಿಕ ಹೊಲದ ಸುತ್ತಲೂ ಚರಗ ಚೆಲ್ಲಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡೆವು. ಸಂಜೆಗೆ ಹಸಿ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಡಿದು, ಸೀತನಿ ಮಾಡಿಕೊಟ್ಟರು. ಮಧ್ಯಾಹ್ನ ಹುಡುಗಿ ಗಿಡದ ನೆರಳಿನಲ್ಲಿ ಕಂಬಳಿಯ ಮೇಲೆ ಮಲಗಿದವಳು ಮೂರು ತಾಸು ಎಚ್ಚರಗೊಳ್ಳಲಿಲ್ಲ. ಹೆದ್ದಾರಿಯ ಲಾರಿಗಳ ಸದ್ದೂ ಅವಳನ್ನು ಎಬ್ಬಿಸಲಿಲ್ಲ.

ಹೊಲದ ಹಿರಿಯರು ನಮಗೊಂದು ಸಂಗತಿ ತೋರಿಸಿದರು. ಈ ಹೊಲದ ಒಂದು ಭಾಗವನ್ನು ಮುಂಗಾರಿನಲ್ಲಿ ಬಿತ್ತದೆ ತೆರವು ಬಿಟ್ಟಿದ್ದರಂತೆ. ಆಗ ಸುರಿದ ಮಳೆಯನ್ನು ಎರೆಮಣ್ಣು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿಯ ಜೋಳ ಹೆಚ್ಚು ಮಳೆಯಿಲ್ಲದೆ ಬೆಳೆಯುವುದು ಆ ತೇವದ ಬಲದಿಂದಲೇ. ನೋಡುವವರ ಕಣ್ಣಿಗೆ ಆ ತಿಂಗಳುಗಳಲ್ಲಿ ಹೊಲ ಖಾಲಿ; ಆದರೆ ಅದು ಮುಂದಿನ ಬೆಳೆಯನ್ನು ಒಳಗೇ ಕೂಡಿಡುತ್ತಿರುತ್ತದೆ.

ಕೋಚಿಂಗಿನ ಮಾತು ಬಂದಾಗ ಅವರು ನಗುತ್ತ, “ಕೊಳ್ಳ ಹರಿದ ಮ್ಯಾಲೆ ಎತ್ತಿಗೂ ಒಂದು ತಾಸು ನೆಳ್ಳ ಬೇಕರೀ. ನೊಗಾ ಇಳಿಸಿದ ಕೂಡಲೇ ಮತ್ತೊಂದು ನೊಗಾ ಹೇರಬಾರದು” ಎಂದರು. ಹುಡುಗಿಯ ತಂದೆಯವರು ಉತ್ತರ ಕೊಡಲಿಲ್ಲ. ಆದರೆ ಮರಳಿ ಹೊರಡುವಾಗ, “ಹದಿನೈದು ದಿನ ಬಿಟ್ಟು ನೋಡೋಣ” ಎಂದು ತಾವೇ ಹೇಳಿದರು.

ಆ ಹೊಲಕ್ಕೂ ಒಂದು ಪರೀಕ್ಷೆ ಎದುರಾಗಿದೆ. ನಗರ ಬೆಳೆಯುತ್ತಲಿದೆ, ಪ್ಲಾಟು ಮಾಡುವವರು ಪದೇ ಪದೇ ಬಂದು ಬೆಲೆ ಕೇಳುತ್ತಿದ್ದಾರೆ. ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ, ಆಳುಗಳು ಸಿಗುವುದಿಲ್ಲ. “ಅಜ್ಜಾ, ಈ ಹೊಲಾ ಮಾರತೀರೇನು?” ಎಂದು ಹುಡುಗಿ ಕೇಳಿಯೇಬಿಟ್ಟಳು. “ಮಾರಿದರ ರೊಕ್ಕ ಬರತೈತಿ ಯವ್ವಾ. ಬರೂ ವರ್ಷ ಚರಗ ಎಲ್ಲಿ ಚೆಲ್ಲೂದು?” ಎಂದರು ಹಿರಿಯರು. ನಿರ್ಧಾರ ಇನ್ನೂ ಆಗಿಲ್ಲ. ಅವರ ಕಷ್ಟವನ್ನು ಅರಿಯದೆ, ಮಾರಬೇಡಿರೆಂದು ಉಪದೇಶಿಸುವ ಅಧಿಕಾರ ನಮಗಿಲ್ಲ.

ಆದರೆ ತಾಯಿ-ತಂದೆಯರಲ್ಲಿ ಒಂದು ಬಿನ್ನಹ. ಪರೀಕ್ಷೆ ಮುಗಿಸಿದ ಮಕ್ಕಳನ್ನು ಕೆಲವು ದಿನವಾದರೂ ಅಂಕಗಳ ಮಾತಿನಿಂದ ದೂರವಿಡಿರಿ. ದೂರದ ಗಿರಿಧಾಮಗಳಿಗೆ ಸಾವಿರಗಟ್ಟಲೆ ವೆಚ್ಚ ಮಾಡಬೇಕೆಂದಿಲ್ಲ. ಸಿಟಿಬಸ್ಸಿನ ಹಾದಿಯಲ್ಲಿಯೇ ನೆಂಟರದೋ ಸ್ನೇಹಿತರದೋ ಒಂದು ಹೊಲವಿದ್ದೀತು. ಅಲ್ಲಿ ಅವರು ಎಳೆಬಿಸಿಲಿನಲ್ಲಿ ಅಡ್ಡಾಡಲಿ, ಕಡಲೆಯ ಸುಲಗಾಯಿ ತಿನ್ನಲಿ, ಹೊಟ್ಟೆತುಂಬ ಉಂಡು ಕಣ್ಣುತುಂಬ ನಿದ್ರಿಸಲಿ. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆ ಬೇಕೆಂದು ವಿಜ್ಞಾನಿಗಳೂ ಹೇಳುತ್ತಾರೆ. ನಗರದ ಅಂಚಿನ ಇಂತಹ ಹೊಲಗಳು ಇನ್ನೂ ಉಳಿದಿರುವಾಗಲೇ ಮಕ್ಕಳನ್ನು ಕರೆದೊಯ್ಯಿರಿ.