ಜುಮ್ಮೆನ್ನದ ಸೆಜ್ವಾನ್

ಡೊಂಬಿವಲಿ ಪೂರ್ವದಲ್ಲಿ ನಾಲ್ಕೇ ಟೇಬಲ್ಲಿನ ಒಂದು ಚೈನೀಸ್ ಅಂಗಡಿ. ಕಳೆದ ವಾರ ಅಲ್ಲಿ ಕೈಯಿಂದಲೇ ಎಳೆದ ನೂಡಲ್ಸ್ ತಿಂದೆ. ಡಾರ್ಜಿಲಿಂಗ್ ಕಡೆಯ ಹುಡುಗ ಮೈದಾ ಕಣಕವನ್ನು ಹಗ್ಗದಂತೆ ಹೊಸೆದು, ಎರಡು ತುದಿ ಹಿಡಿದು ತೋಳಗಲಿಸಿ ಜಗ್ಗಿ, ಕಲ್ಲಿನ ಮೇಲೆ ಛಟೀರೆಂದು ಬಡಿದು, ಮಡಚಿ ಮತ್ತೆ ಜಗ್ಗಿದ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಎಂಟನೇ ಮಡಿಕೆಗೆ 256 ಎಳೆ. ಚೀನಾದ ಲಾನ್‌ಝೌದಲ್ಲಿ ಗಿರಾಕಿ ಮೊದಲು ಎಳೆಯ ದಪ್ಪ ಹೇಳಿ, ಆಮೇಲೆ ಕೂರುತ್ತಾನೆ. ಅಲ್ಲಿ ಕಣಕಕ್ಕೆ ಗಿಡದ ಬೂದಿಯ ಕ್ಷಾರ ಬೆರೆಸುತ್ತಿದ್ದರು, ಎಳೆ ಹರಿಯದೆ ಜಗ್ಗಲಿ ಎಂದು.

ಧಾರವಾಡದ ಕಡೆ ಬೇಸಿಗೆ ಕಳೆದವರಿಗೆ ಇದು ಹೊಸದೇನಲ್ಲ. ಅವ್ವ ಶಾವಿಗೆ ಮಣೆಯ ಮೇಲೆ ಕುದುರೆ ಏರಿದಂತೆ ಕೂತು, ಗೆರೆ ಕೊರೆದ ಹಲಗೆಯ ಮೇಲೆ ಅಂಗೈಯಿಂದ ಕಣಕ ತೀಡುತ್ತಿದ್ದಳು. ಕೆಳಗಿಳಿದ ಎಳೆಗಳನ್ನು ಅತ್ತೆ ನೂಲಿನಂತೆ ಜಗ್ಗಿ ಕೋಲಿಗೆ ಹಾಕುತ್ತಿದ್ದಳು. ಒದ್ದೆ ಬಟ್ಟೆಯಡಿ ನೆನೆಯದ ಕಣಕ ರಬ್ಬರಿನಂತೆ ಹಿಂದಕ್ಕೆ ಸೆಳೆಯುತ್ತದೆ. ನೆನೆದದ್ದು ಬೆರಳು ಹೇಳಿದಂತೆ ಕೇಳುತ್ತದೆ. ಆ ಹುಡುಗನೂ ಮೂರು ಸಲ ಬೆರಳಿಂದ ಒತ್ತಿ ನೋಡಿದ ಮೇಲೆಯೇ ಎತ್ತಿಕೊಂಡ.

ಇಷ್ಟೆಲ್ಲ ಮಾಡಿ, ಕೊನೆಗೆ ಅದರ ಮೇಲೆ ಒಂದು ಸೌಟು ಕೆಂಪು ಸೆಜ್ವಾನ್ ಸಾಸ್ ಸುರಿದುಬಿಟ್ಟ.

ಈ ಸಾಸಿನ ಮೇಲೆ ನನಗೆ ಬಹಳ ವರ್ಷದ ಸಿಟ್ಟಿದೆ. ಮುಂಬಯಿ ತನ್ನದೇ ಚೈನೀಸ್ ಕಟ್ಟಿಕೊಂಡದ್ದಕ್ಕೆ ತಕರಾರಿಲ್ಲ. 1975ರಲ್ಲಿ ನೆಲ್ಸನ್ ವಾಂಗ್ ಇಲ್ಲಿನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎನ್ನುತ್ತಾರೆ. ಅದನ್ನು ನಾನು ಖುಷಿಯಿಂದ ತಿನ್ನುತ್ತೇನೆ. ಆದರೆ ಸಿಚುವಾನ್ ಎಂಬ ಪ್ರಾಂತದ ಹೆಸರು ಹೇಳಿ, ಆ ಪ್ರಾಂತದ ಜೀವವಾದ ಮೆಣಸನ್ನೇ ಬಿಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ವಿನೆಗರ್ ರುಬ್ಬಿ ದೋಸೆಗೂ ಸವರಿ, ಭೇಲ್‌ಗೂ ಕಲಸಿ ಕೊಡುವುದು ಯಾವ ನ್ಯಾಯ? ಸಿಚುವಾನ್ ಮೆಣಸಿನ ಕೆಲಸ ಬರೀ ಖಾರವಲ್ಲ, ನಾಲಿಗೆ ಮರಗಟ್ಟಿಸಿ ತುಟಿ ನಡುಗಿಸುವುದು.

ಅದು ಸಿಗುವುದಿಲ್ಲ ಎನ್ನುವ ನೆಪವೂ ಇಲ್ಲಿ ನಡೆಯದು. ಅದರ ದಾಯಾದಿ ಈ ಊರಿನಲ್ಲೇ ಇದೆ. ಲಾಲ್‌ಬಾಗ್‌ನ ಮಿರ್ಚಿ ಗಲ್ಲಿಯಲ್ಲಿ ತಿರಫಳ ಕೇಳಿ, ಕೊಡುತ್ತಾರೆ. ಮಾಲ್ವಣಿಯವರು ಬಂಗಡೆ ಸಾರಿಗೆ ಹಾಕುತ್ತಾರೆ. ಮಂಗಳೂರಿನ ಕೊಂಕಣಿಗರಿಗೆ ಅದು ತೆಪ್ಪಳ. ಕನ್ನಡದ ಹೆಸರೇ ಎಲ್ಲಕ್ಕಿಂತ ಚೆಂದ: ಜುಮ್ಮನಕಾಯಿ. ನಾಲಿಗೆಗೆ ಆಗುವುದನ್ನೇ ಹೆಸರಾಗಿ ಇಟ್ಟಿದ್ದಾರೆ. ರುಚಿ ಅದೇ ಎನ್ನಲಾರೆ, ತಿರಫಳದಲ್ಲಿ ಮರದ ವಾಸನೆ ಜಾಸ್ತಿ. ಒಳಗಿನ ಕರಿ ಬೀಜ ತೆಗೆದು ಬಿಸಾಡಬೇಕು, ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಬಿರಿದ ಸಿಪ್ಪೆಯನ್ನಷ್ಟೇ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಒರಟಾಗಿ ಕುಟ್ಟಿ, ಬ್ಯಾಡಗಿ ಮೆಣಸಿನ ಪುಡಿಯ ಜತೆ ಬಟ್ಟಲಲ್ಲಿಟ್ಟು, ಮೇಲೆ ಕಾದ ಎಣ್ಣೆ ಸುರಿಯಬೇಕು. ಚುಂಯ್ ಎನ್ನುವಾಗ ಏಳುವ ಘಮಕ್ಕೆ ಮಹಡಿಯವರೆಲ್ಲ ಬಾಗಿಲು ತೆರೆಯುತ್ತಾರೆ.

ನಿನ್ನೆ ಒಂದು ಸಣ್ಣ ಬಾಟಲಿ ತುಂಬಿಕೊಂಡು ಹೋದೆ, ಜೇಬಿನಲ್ಲಿ ನಾಲ್ಕು ಇಡೀ ಕಾಯಿಯೂ ಇದ್ದವು. ಹುಡುಗ ಒಂದು ಸಿಪ್ಪೆ ಕಚ್ಚಿ, ಅರ್ಧ ನಿಮಿಷ ಸುಮ್ಮನೆ ನಿಂತ. ಆಮೇಲೆ ಹಿಟ್ಟು ಮೆತ್ತಿದ ಬೆರಳಿನಿಂದ ತನ್ನ ತುಟಿಯನ್ನು ಮುಟ್ಟಿ ನೋಡಿಕೊಂಡು, ಬಾಟಲಿಗೆ ಕೈ ಚಾಚಿದ.