ಪೊಮೋನಾದ ಪುಟ್ಟ ರಥಗಳು

ಲಾಸ್ ಏಂಜಲಿಸ್ ನಗರದಿಂದ ಪೂರ್ವಕ್ಕೆ ಸುಮಾರು ಮೂವತ್ತು ಮೈಲಿ ಹೋದರೆ ಪೊಮೋನಾ ಎಂಬ ಊರು ಸಿಗುತ್ತದೆ. ಪೊಮೋನಾ ಎಂದರೆ ಪ್ರಾಚೀನ ರೋಮನರ ಫಲದೇವತೆ. ಒಂದು ಕಾಲಕ್ಕೆ ಈ ಕಣಿವೆಯ ತುಂಬ ಕಿತ್ತಳೆ, ನಿಂಬೆಯ ತೋಟಗಳಿದ್ದುವು. ಈಗ ಅಲ್ಲಿ ಮನೆಗಳ ಸಾಲು, ಅಗಲವಾದ ರಸ್ತೆಗಳು. ಉತ್ತರಕ್ಕೆ ಸ್ಯಾನ್ ಗೇಬ್ರಿಯಲ್ ಪರ್ವತಗಳು ಮಾತ್ರ ಹಿಂದಿನಂತೆಯೇ ನಿಂತು ಈ ಬದಲಾವಣೆಯನ್ನು ನೋಡುತ್ತಿವೆ. ಫಲದೇವತೆಯ ಊರಿಗೆ ಇಂದು ಇರುವ ಕೀರ್ತಿ ಹಣ್ಣಿನಿಂದ ಬಂದುದಲ್ಲ, ಕಾರಿನಿಂದ ಬಂದುದು.

ಬೇಸಗೆಯ ರಜದಲ್ಲಿ ಅಕ್ಕನ ಮನೆಗೆಂದು ನಾನು ಆ ಊರಿಗೆ ಹೋದಾಗ ನನಗೆ ಈ ವಿಷಯ ತಿಳಿದಿರಲಿಲ್ಲ. ತಿಳಿಸಿದವನು ಹನ್ನೆರಡು ವರ್ಷದ ಸೋದರಳಿಯ.

"ಎರಡು ಕಾರು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ, ಮಾವ. ಹಸಿರು ದೀಪ ಹತ್ತಿದ ಕೂಡಲೆ ಹೊರಡುತ್ತವೆ. ತಿರುವಿಲ್ಲ, ಸುತ್ತಿಲ್ಲ. ನೇರವಾಗಿ ಕಾಲು ಮೈಲಿ. ಮೊದಲು ಮುಟ್ಟಿದವನು ಗೆದ್ದ."

"ಇಷ್ಟೇಯೇ?"

"ಇಷ್ಟೇ! ಅದಕ್ಕೇ ಡ್ರ್ಯಾಗ್ ರೇಸ್ ಅನ್ನುವುದು."

ಇಷ್ಟೇ ಎಂದು ತಿಳಿದವನ ಗರ್ವವನ್ನು ಅಂಕಿಗಳು ಇಳಿಸಿಬಿಡುತ್ತವೆ. ಈ ಪಂದ್ಯಗಳಲ್ಲಿ ಅತ್ಯಂತ ಮೇಲಿನ ವರ್ಗದ ಕಾರುಗಳು ಪೆಟ್ರೋಲನ್ನು ಉರಿಸುವುದಿಲ್ಲ. ನೈಟ್ರೋಮೀಥೇನ್ ಎಂಬ ಉಗ್ರವಾದ ಇಂಧನವನ್ನು ಉರಿಸುತ್ತವೆ. ನಿಂತಲ್ಲಿಂದ ಹೊರಟು 1000 ಅಡಿಗಳನ್ನು ನಾಲ್ಕು ಸೆಕೆಂಡಿನೊಳಗೆ ಮುಗಿಸಿ, ಗಂಟೆಗೆ 330 ಮೈಲಿಗೂ ಮೀರಿದ ವೇಗವನ್ನು ಮುಟ್ಟುತ್ತವೆ. ಓದುಗರು ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಪಂದ್ಯವೇ ಮುಗಿದುಹೋಗಿರುತ್ತದೆ.

ಈ ಹುಚ್ಚಿಗೂ ಒಂದು ಚರಿತ್ರೆಯುಂಟು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳನ್ನು ಬಿಚ್ಚಿ ಹಗುರಗೊಳಿಸಿ ಮರುಭೂಮಿಯ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಚಪಲ ಊರಿನ ಬೀದಿಗಳಿಗೂ ಬಂದಿತು. ಬೀದಿಯ ಪಂದ್ಯವೆಂದರೆ ಅಪಘಾತ, ಪೋಲೀಸು, ಜನರ ಶಾಪ. 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದಲ್ಲಿ ಟಿಕೆಟ್ಟಿಟ್ಟು ಪಂದ್ಯ ನಡೆಸುವ ಪದ್ಧತಿ ಪ್ರಾರಂಭವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತ ರಾಷ್ಟ್ರೀಯ ಹಾಟ್‌ರಾಡ್ ಸಂಘವನ್ನು ಕಟ್ಟಿ ಈ ಆಟಕ್ಕೆ ನಿಯಮಗಳನ್ನು ವಿಧಿಸಿದ. 1953ರಲ್ಲಿ ಆ ಸಂಘದ ಮೊದಲ ಅಧಿಕೃತ ಪಂದ್ಯ ನಡೆದದ್ದು ಇದೇ ಪೊಮೋನಾದಲ್ಲಿ, ಜಾತ್ರೆಯ ಮೈದಾನಕ್ಕೆ ಸೇರಿದ ಕಾರು ನಿಲ್ಲಿಸುವ ಬಯಲಿನಲ್ಲಿ. ಅದೇ ಮೈದಾನದ ಆವರಣದಲ್ಲಿ 1998ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಹುಡುಗ ನನ್ನನ್ನು ಎಳೆದುಕೊಂಡು ಹೋದದ್ದು ಅಲ್ಲಿಗೆ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಳೆಯ ಕಾಲದ ಉದ್ದನೆಯ, ಬಡಕಲು ದೇಹದ ರಥಗಳು. ಅವುಗಳಿಗೆ 'ಸ್ಲಿಂಗ್‌ಶಾಟ್' ಎಂದು ಹೆಸರು. ಎಂಜಿನ್ನು ಮುಂದೆ, ಅದರ ಹಿಂದೆ ದೊಡ್ಡ ಚಕ್ರಗಳು, ಆ ಚಕ್ರಗಳ ಅಚ್ಚಿಗೂ ಹಿಂದೆ, ಕವಣೆಯಲ್ಲಿಟ್ಟ ಕಲ್ಲಿನಂತೆ, ಮನುಷ್ಯ. ಆತನ ಎರಡು ಕಾಲುಗಳು ಅಚ್ಚಿನ ಎರಡು ಪಕ್ಕಗಳಲ್ಲಿ ಮುಂದಕ್ಕೆ ಚಾಚಿರುತ್ತವೆ. ಪಾದಗಳ ಸಮೀಪದಲ್ಲಿಯೇ ಎಂಜಿನ್ನಿನ ಬಲವನ್ನು ಹಿಡಿದು ಬಿಡುವ ಕ್ಲಚ್ಚು ಭೋರೆಂದು ತಿರುಗುತ್ತಿರುತ್ತದೆ. ಬಗ್ಗಿ ನೋಡಿದೆ. ಒಂದು ಅಲ್ಯೂಮಿನಿಯಮ್ ಪೀಠ, ತಲೆಯ ಸುತ್ತ ಒಂದು ಉಕ್ಕಿನ ಕೊಳವೆಯ ಪಂಜರ, ಒಂದು ಬ್ರೇಕಿನ ಹಿಡಿ, ಹಿಂದಿನ ಪ್ಯಾರಾಚೂಟನ್ನು ಬಿಚ್ಚುವ ಇನ್ನೊಂದು ಹಿಡಿ. ಒಬ್ಬ ಮನುಷ್ಯ ಹಿಡಿಸುವಷ್ಟೇ ಜಾಗ. ಭಯಕ್ಕೆ ಅಲ್ಲಿ ಸ್ಥಳವಿಲ್ಲ.

"ಇದರದೇ ಪುಟ್ಟದನ್ನು ನಮ್ಮ ಬೀದಿಯಲ್ಲಿ ಒಬ್ಬರು ಮಾಡುತ್ತಿದ್ದಾರೆ. ನೋಡುತ್ತೀಯಾ, ಮಾವ?" ಎಂದ ಹುಡುಗ.

ಅಕ್ಕನ ಮನೆಯಿಂದ ಮೂರನೆಯದೇ ಅವರ ಮನೆ. ಹೆಸರನ್ನು ಬರೆಯಬೇಡಿರೆಂದು ಕೇಳಿಕೊಂಡಿದ್ದಾರೆ; ಆದ್ದರಿಂದ ಹಿರಿಯರೆಂದೇ ಕರೆಯುತ್ತೇನೆ. ಎಂಬತ್ತು ದಾಟಿದ ವಯಸ್ಸು, ಜೀವನವೆಲ್ಲ ಲೋಹಗಳ ಬೆಸುಗೆ ಕೆಲಸ ಮಾಡಿದ ಕೈ. ಅವರ ಕಾರು ಬಿಸಿಲಿನಲ್ಲಿ ನಿಂತಿರುತ್ತದೆ. ಕಾರಿನ ಕೊಟ್ಟಿಗೆಯಲ್ಲಿ ಬೆಂಚು, ದೀಪ, ಭೂತಗನ್ನಡಿ, ಬೆರಳಿಗಿಂತ ತೆಳ್ಳನೆಯ ಅರಗಳು, ಚಿಮಟಗಳು, ಹಿತ್ತಾಳೆಯ ಸಣ್ಣ ಕೊಳವೆಗಳ ಕಟ್ಟು.

ಅಮೆರಿಕದ ಹುಡುಗರಿಗೆ ಕಾರಿನ ಮಾದರಿಗಳು ಹೊಸತಲ್ಲ. 1958ರಲ್ಲಿ ಎಎಂಟಿ ಎಂಬ ಕಂಪನಿ, ಬಿಡಿ ಭಾಗಗಳನ್ನು ಅಂಟಿಸಿ ಮೂರು ಬಗೆಯಲ್ಲಿ ಕಟ್ಟಬಹುದಾದ ಪ್ಲಾಸ್ಟಿಕ್ ಕಾರುಗಳ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. 1970ರಲ್ಲಂತೂ ಆಟಿಕೆಯೇ ನಿಜವಾದ ಕಾರನ್ನು ಸಾಕಿತು. ಹಾಟ್ ವೀಲ್ಸ್ ಎಂಬ ಪುಟ್ಟ ಕಾರುಗಳನ್ನು ತಯಾರಿಸುವ ಮ್ಯಾಟೆಲ್ ಕಂಪನಿ ಡಾನ್ ಪ್ರೂಡಮ್, ಟಾಮ್ ಮೆಕ್ಯೂಯೆನ್ ಎಂಬ ಇಬ್ಬರು ಪ್ರತಿಸ್ಪರ್ಧಿಗಳಿಗೆ ಹಣ ಕೊಟ್ಟಿತು. ಒಬ್ಬನ ಅಡ್ಡಹೆಸರು ಸರ್ಪ, ಇನ್ನೊಬ್ಬನದು ಮುಂಗುಸಿ! ಮಕ್ಕಳು ಮನೆಯಲ್ಲಿ ಅವರ ಆಟಿಕೆಗಳನ್ನೂ ಪಥದಲ್ಲಿ ಅವರ ಕಾರುಗಳನ್ನೂ ನೋಡಿ ನಲಿದರು. ನನ್ನ ಸೋದರಳಿಯನ ಮೇಜಿನ ಮೇಲೂ ಅಂಥ ಪ್ಲಾಸ್ಟಿಕ್ ಕಾರೊಂದಿದೆ. ಒಂದೇ ಸಂಜೆಯಲ್ಲಿ ಅಂಟಿಸಿ ಮುಗಿಸಿದ್ದು.

ಹಿರಿಯರ ಕಾರು ಒಂದು ಸಂಜೆಯದಲ್ಲ. ಎರಡು ವರ್ಷಗಳಿಂದ ಅದು ಬೆಂಚಿನ ಮೇಲೆ ಇದೆ. ಪೆಟ್ಟಿಗೆಯಿಂದ ತೆಗೆದ ಒಂದು ಭಾಗವೂ ಅದರಲ್ಲಿಲ್ಲ. ಎಲ್ಲವನ್ನೂ ಬರಿಯ ತಗಡು, ಕೊಳವೆ, ತಂತಿಗಳಿಂದ ಅವರೇ ಮಾಡಿದ್ದು.

"ಲೆಕ್ಕ ಸುಲಭ. ನಿಜವಾದ ಕಾರಿನ ಇಪ್ಪತ್ತೈದರಲ್ಲಿ ಒಂದು ಪಾಲು. ಅಲ್ಲಿ ಅಂಗುಲ ಅಂದದ್ದನ್ನು ಇಲ್ಲಿ ಮಿಲಿಮೀಟರ್ ಎಂದು ಓದಿಕೊಳ್ಳಿ," ಎಂದರು.

ಒಂದು ಅಂಗುಲಕ್ಕೆ 25.4 ಮಿಲಿಮೀಟರ್, ಆದುದರಿಂದ ಈ ಗಣಿತ ಸರಿಯೇ. ಒಂದೂವರೆ ಅಂಗುಲ ದಪ್ಪದ ಕೊಳವೆಯ ಪಂಜರ ಇಲ್ಲಿ ಒಂದೂವರೆ ಮಿಲಿಮೀಟರಿನ ಹಿತ್ತಾಳೆಯ ಕೊಳವೆಯಾಗುತ್ತದೆ. ಮೂರಂಗುಲ ಅಗಲದ ಸೊಂಟದ ಪಟ್ಟಿ ಮೂರು ಮಿಲಿಮೀಟರಿನ ರಿಬ್ಬನ್ನಾಗುತ್ತದೆ.

ಮಾತಿನಲ್ಲಿ ಸುಲಭವಾದುದು ಕೈಯಲ್ಲಿ ಅಷ್ಟು ಸುಲಭವಲ್ಲ. ಕೊಳವೆಯನ್ನು ಹಾಗೆಯೇ ಬಾಗಿಸಿದರೆ ಒಳಮೈ ಚಪ್ಪಟೆಯಾಗಿ ಮುರುಟುತ್ತದೆ. ಮೊದಲು ಅದನ್ನು ಮಂಕಾದ ಕೆಂಪು ಬರುವವರೆಗೆ ಕಾಯಿಸಿ ಮೆದುಗೊಳಿಸಬೇಕು. ಒಳಗೆ ತಂತಿಯನ್ನು ತೂರಿಸಿ ಮೆಲ್ಲಗೆ ಬಾಗಿಸಬೇಕು. ಒಂದು ಕೊಳವೆ ಇನ್ನೊಂದರ ಮೈಗೆ ಸೇರುವಲ್ಲಿ, ಅದರ ತುದಿಯನ್ನು ಬಾಯ್ದೆರೆದ ಮೀನಿನಂತೆ ಅರದಿಂದ ತೋಡಬೇಕು. ಬೆಸುಗೆ ಅದರ ಮುಂದಿನ ಕಷ್ಟ. ಇಲ್ಲಿಯ ಸಂಧಿಗೆ ಕಾವು ಕೊಟ್ಟರೆ ಪಕ್ಕದ ಸಂಧಿ ಬಿಟ್ಟುಕೊಳ್ಳುತ್ತದೆ. ಅದಕ್ಕಾಗಿ ಮುಗಿದ ಸಂಧಿಗಳಿಗೆ ಒದ್ದೆಯ ಕಾಗದವನ್ನು ಸುತ್ತುತ್ತಾರೆ. ನಮ್ಮ ಅಕ್ಕಸಾಲಿಗರು ಈ ಸಂಕಟವನ್ನು ಚೆನ್ನಾಗಿ ಬಲ್ಲರು.

ಅಲ್ಯೂಮಿನಿಯಮ್ ಇನ್ನೂ ಹಟಮಾರಿ. ಹಿತ್ತಾಳೆಯಂತೆ ಅದು ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ. ಕಾದಿದೆಯೆಂದು ತಿಳಿಯುವ ಮೊದಲೇ ಕರಗಿ ಕುಸಿಯುತ್ತದೆ. ಹಿರಿಯರು ಅದರ ಮೇಲೆ ಮೈಗೆ ಹಚ್ಚುವ ಸಾಬೂನನ್ನು ಉಜ್ಜಿದರು. ಕೆಳಗೆ ಜ್ವಾಲೆ ಹಿಡಿದರು. ಸಾಬೂನು ಕಂದಿ ಕಪ್ಪಾದೊಡನೆ ಜ್ವಾಲೆಯನ್ನು ತೆಗೆದರು. ತಗಡು ಈಗ ಕಾಗದದಂತೆ ಮಾತು ಕೇಳುತ್ತಿತ್ತು. ಮೆತ್ತನೆಯ ರಬ್ಬರಿನ ಮೇಲಿಟ್ಟು ಹಿಂಬದಿಯಿಂದ ಸೂಜಿಯಲ್ಲಿ ಒತ್ತಿದರೆ ಮುಂಬದಿಯಲ್ಲಿ ರಿವೆಟ್ಟುಗಳ ಸಾಲು ಎದ್ದಿತು.

ಒಂದು ಕಡೆ ಮಾತ್ರ ಲೆಕ್ಕ ಸುಳ್ಳಾಗುತ್ತದೆ. ನಿಜವಾದ ಪೀಠದ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ. ಅದನ್ನು ಇಪ್ಪತ್ತೈದರಿಂದ ಭಾಗಿಸಿದರೆ ಉಳಿಯುವ ಹಾಳೆ ಬೆರಳು ಸೋಕಿದರೆ ಸುಕ್ಕಾಗುವಷ್ಟು ತೆಳು. ಆದ್ದರಿಂದ ತಂಪು ಪಾನೀಯದ ಡಬ್ಬಿಯನ್ನು ಕತ್ತರಿಸಿ, ಅದರ ಗೋಡೆಯ ತಗಡನ್ನು ಬಳಸಿ, ಕಣ್ಣಿಗೆ ಕಾಣುವ ಅಂಚುಗಳನ್ನಷ್ಟೇ ಅರದಿಂದ ಸವೆಸುತ್ತಾರೆ. "ಇಷ್ಟು ಸುಳ್ಳನ್ನು ಲೋಹ ಕ್ಷಮಿಸುತ್ತದೆ," ಎಂದು ನಕ್ಕರು.

"ಪ್ಲಾಸ್ಟಿಕ್ಕಿಗೆ ಬೆಳ್ಳಿಯ ಬಣ್ಣ ಬಳಿದರಾಗದೆ? ಕೂಡುವ ಒಳಭಾಗವನ್ನು ಯಾರು ಬಗ್ಗಿ ನೋಡುತ್ತಾರೆ?" ಎಂದು ನಾನು ಕೇಳಿಯೇಬಿಟ್ಟೆ.

ಅವರಿಗೆ ಕೋಪ ಬರಲಿಲ್ಲ. ಕಪಾಟಿನಿಂದ ಇನ್ನೊಂದು ಮಾದರಿಯನ್ನು ತಂದರು. ಅದು 'ಫನ್ನಿ ಕಾರ್' ಎಂಬ ಜಾತಿ. ಹೊರಗೆ ಸಾಮಾನ್ಯ ಕಾರಿನ ಆಕಾರದ ಚಿಪ್ಪು. ಮುಂಭಾಗವನ್ನು ಹಿಡಿದೆತ್ತಿದರೆ ಮೊಸಳೆ ಬಾಯಿ ತೆರೆದಂತೆ ಚಿಪ್ಪೆಲ್ಲ ಮೇಲೇಳುತ್ತದೆ. ಒಳಗೆ ಪಂಜರ, ಪೀಠ, ಬೆಂಕಿ ಆರಿಸುವ ಸಿಲಿಂಡರು, ತಲೆಯ ಸುತ್ತ ಮೆತ್ತೆ.

"ಹೊರಗಿನದು ಬಣ್ಣ, ಜಾಹೀರಾತು. ಮನುಷ್ಯ ಇರುವುದು ಇಲ್ಲಿ," ಎಂದರು. "ಇಲ್ಲಿರುವ ಒಂದೊಂದು ವಸ್ತುವೂ ಯಾರಿಗೋ ಪೆಟ್ಟಾದ ಮೇಲೆ ಬಂದದ್ದು."

ಆಮೇಲೆ ಅವರು ಒಂದೊಂದನ್ನೇ ಚಿಮಟದ ತುದಿಯಿಂದ ತೋರಿಸುತ್ತ ಹೋದರು. ಇಲ್ಲಿ ತಲೆಯ ಸುತ್ತಣ ಮೆತ್ತೆ: 2007ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಪರೀಕ್ಷೆಯ ಓಟದಲ್ಲಿ ಚಕ್ರ ಭಯಂಕರವಾಗಿ ಅದುರಿ, ತಲೆಗೆ ಪೆಟ್ಟಾಗಿ ಎರಿಕ್ ಮೆಡ್ಲೆನ್ ತೀರಿಕೊಂಡ, ಆ ಬಳಿಕ ಪಂಜರ ಅಗಲವಾಯಿತು, ಮೆತ್ತೆ ಹೆಚ್ಚಿತು. ಮರುವರ್ಷ ನ್ಯೂಜೆರ್ಸಿಯಲ್ಲಿ ಸ್ಕಾಟ್ ಕಲಿಟ್ಟಾ ಮಡಿದ. ಅತ್ಯಂತ ವೇಗದ ಕಾರುಗಳಿಗೆ ಕಾಲು ಮೈಲಿಯ ಓಟ 1000 ಅಡಿಗಳಿಗೆ ಇಳಿಯಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಡಾನ್ ಗಾರ್ಲಿಟ್ಸನದು. 1970ರ ಮಾರ್ಚ್ 8ರಂದು ಲಾಂಗ್ ಬೀಚಿನ ಸಮೀಪದ ಲಯನ್ಸ್ ಪಥದಲ್ಲಿ ಅವನ ಸ್ಲಿಂಗ್‌ಶಾಟಿನ ಗೇರು ಪೆಟ್ಟಿಗೆ ಸಿಡಿದು ಕಾರು ಎರಡು ತುಂಡಾಯಿತು. ಅವನ ಬಲಪಾದದ ಒಂದು ಭಾಗವೇ ಹೋಯಿತು. ಹಾಸಿಗೆಯ ಮೇಲೆ ಮಲಗಿ ಆತ ಯೋಚಿಸಿದ್ದು ಎಂಜಿನ್ನನ್ನು ಮನುಷ್ಯನ ಹಿಂದಕ್ಕೆ ಕಳುಹಿಸುವುದನ್ನು. ಇತರರೂ ಅದಕ್ಕೆ ಮೊದಲು ಯತ್ನಿಸಿ ಸೋತಿದ್ದರು. ಗಾರ್ಲಿಟ್ಸ್ ಮಾತ್ರ ಅಂಥ ಕಾರಿನಲ್ಲಿಯೇ 1971ರಲ್ಲಿ ಪೊಮೋನಾದ ಚಳಿಗಾಲದ ರಾಷ್ಟ್ರೀಯ ಪಂದ್ಯವನ್ನು ಗೆದ್ದ. ಕೆಲವೇ ವರ್ಷಗಳಲ್ಲಿ ಸ್ಲಿಂಗ್‌ಶಾಟುಗಳು ಪಥವನ್ನು ಬಿಟ್ಟು ವಸ್ತುಸಂಗ್ರಹಾಲಯವನ್ನು ಸೇರಿದುವು.

ಇಷ್ಟು ಹೇಳಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಬೆಂಚಿನ ಮೇಲಿದ್ದ ಕಾರನ್ನು ನನ್ನೆಡೆಗೆ ತಿರುಗಿಸಿದರು.

"ಇದು ವಸ್ತುಸಂಗ್ರಹಾಲಯದ ಕಾರಲ್ಲ. ನಾನೂ ನನ್ನ ಸ್ನೇಹಿತನೂ 1960ರ ದಶಕದ ಆರಂಭದಲ್ಲಿ ಅವನ ಮನೆಯ ಹಿತ್ತಲಿನಲ್ಲಿ ಕಟ್ಟಿದ್ದು. ಬೆಸುಗೆ ನನ್ನದು, ಓಡಿಸುವುದು ಅವನದು. ಕ್ಲಚ್ಚಿನ ಸುತ್ತ ಉಕ್ಕಿನ ಕವಚ ಇರಬೇಕಿತ್ತು. ಕೈಯಲ್ಲಿ ಹಣ ಮುಗಿದಿತ್ತು. ಮುಂದಿನ ತಿಂಗಳು ಹಾಕೋಣ ಎಂದೆ. ಅದು ನಾನು ಹೇಳಿದ ಮಾತು, ಅವನದಲ್ಲ."

ಕ್ಲಚ್ಚು ಮುಂದಿನ ತಿಂಗಳವರೆಗೆ ಕಾಯಲಿಲ್ಲ. ಒಂದು ಚಿಕ್ಕ ಪಥದಲ್ಲಿ, ಒಂದು ಭಾನುವಾರ, ಅದು ಸಿಡಿಯಿತು. ಸ್ನೇಹಿತನ ಪ್ರಾಣ ಉಳಿಯಿತು, ಎಡಗಾಲು ಮೊದಲಿನಂತಾಗಲಿಲ್ಲ.

ಅವರು ಒಂದು ಪುಟ್ಟ ಡಬ್ಬಿಯನ್ನು ತೆರೆದರು. ಹತ್ತಿಯ ಮೇಲೆ ಉಗುರಿನಷ್ಟು ದೊಡ್ಡದಾದ, ಬಾಗಿದ ಉಕ್ಕಿನ ತುಣುಕು. ಅಂಚಿನ ಸುತ್ತ ಬೋಲ್ಟುಗಳ ತಲೆಗಳೂ ಇದ್ದುವು.

"ಕವಚವನ್ನು ಮಾಡಿದ್ದೇನೆ. ಹಾಕಿದರೆ ಕಾರು ಸುಳ್ಳಾಗುತ್ತದೆ. ಹಾಕದಿದ್ದರೆ..." ಅವರು ಮಾತನ್ನು ಮುಗಿಸಲಿಲ್ಲ. "ನೀವು ಪಾಠ ಹೇಳುವವರು. ಏನು ಮಾಡುತ್ತಿದ್ದಿರಿ?"

ತರಗತಿಯಲ್ಲಿ ನಿಂತು ಕಾವ್ಯದ ಸತ್ಯವೇನು, ಲೋಕದ ಸತ್ಯವೇನು ಎಂದು ಗಂಟೆಗಟ್ಟಲೆ ಹೇಳಿದ್ದೇನೆ. ಆ ಕೊಟ್ಟಿಗೆಯಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. "ನಿಮ್ಮ ಸ್ನೇಹಿತರನ್ನೇ ಕೇಳಬಾರದೆ?" ಎಂದೆ. ಅದು ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ; ಆದರೂ ಅವರು ತಲೆದೂಗಿದರು.

ನಾನು ಊರಿಗೆ ಹೊರಡುವ ಹಿಂದಿನ ಸಂಜೆ ಬೀಳ್ಕೊಳ್ಳಲು ಹೋದಾಗ ಕೊಟ್ಟಿಗೆಯಲ್ಲಿ ಇನ್ನೊಬ್ಬ ವೃದ್ಧರಿದ್ದರು. ಊರುಗೋಲು ಬೆಂಚಿಗೆ ಒರಗಿತ್ತು. ಆತ ಭೂತಗನ್ನಡಿ ಹಿಡಿದು ಕಾರಿನ ಒಳಭಾಗವನ್ನು ಬಹಳ ಹೊತ್ತು ನೋಡಿದರು. ಪೀಠ, ಪಂಜರ, ಬ್ರೇಕಿನ ಹಿಡಿ, ಕೊನೆಗೆ ಪಾದಗಳಿರುವ ಜಾಗ. ಹಿರಿಯರು ಉಸಿರು ಬಿಗಿಹಿಡಿದು ನಿಂತಿದ್ದರು. ಕವಚ ಅಲ್ಲಿರಲಿಲ್ಲ.

"ಸರಿಯಾಗಿದೆ," ಎಂದರು ಬಂದವರು. "ನನ್ನ ಕಾರೇ."

ಹಿರಿಯರು ಮಾತಾಡದೆ ಡಬ್ಬಿಯನ್ನು ಮುಂದಿಟ್ಟರು. ಸ್ನೇಹಿತರು ತೆರೆದು ನೋಡಿದರು. ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ಜೋರಾಗಿ ನಕ್ಕರು.

"ಅಂತೂ ಮಾಡಿದೆಯಲ್ಲ! ಅರವತ್ತು ವರ್ಷ ತಡವಾಯಿತು, ಅಷ್ಟೆ." ಡಬ್ಬಿಯನ್ನು ಮುಚ್ಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. "ಕಾರು ಹೀಗೆಯೇ ಇರಲಿ. ಇದನ್ನು ನಾನು ಮನೆಗೆ ಒಯ್ಯುತ್ತೇನೆ."

ಹಿರಿಯರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ನಾವಿಬ್ಬರೂ ಮೆಲ್ಲಗೆ ಹೊರಗೆ ಬಂದೆವು.

ಪರ್ವತಗಳ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ಯಾವಾಗಲೂ ಬಾಯಿ ಬಿಡುವ ಹುಡುಗ ಮೂರು ಮನೆಗಳ ದೂರವನ್ನೂ ಮೌನವಾಗಿಯೇ ನಡೆದ. ಗೇಟಿನ ಬಳಿ ನಿಂತು, "ಮಾವ, ನನಗೊಂದು ಸಣ್ಣ ಅರ ಕೊಡಿಸುತ್ತೀಯಾ?" ಎಂದು ಕೇಳಿದ.