ಮೂವತ್ತರಲ್ಲಿ ಎಸೆಸೆಲ್ಸಿ ಬರೆದವರು

ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ‘ತಾಯಿಯ ವಿದ್ಯಾರ್ಹತೆ’ ಎಂಬ ಕಾಲಂ ಇರುತ್ತದೆ. ನಾವು ಮೂವರು ಗೆಳತಿಯರು ಅಲ್ಲಿ ‘7’ ಎಂದು ಸಣ್ಣದಾಗಿ ಬರೆದು, ಅರ್ಜಿಯನ್ನು ಬೇಗನೆ ಮೇಷ್ಟ್ರ ಕೈಗೆ ಕೊಟ್ಟು ಬರುತ್ತಿದ್ದೆವು. ಯಾರೂ ನಮ್ಮನ್ನು ಹೀಯಾಳಿಸಲಿಲ್ಲ. ಆದರೂ ಆ ಅಂಕಿ ಚುಚ್ಚುತ್ತಿತ್ತು.

ವಿಟ್ಲ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟಗಳ ಬದಿಯಲ್ಲಿ ನಮ್ಮ ಮನೆಗಳಿವೆ. 1994ರಲ್ಲಿ ನಾವು ಏಳನೇ ತರಗತಿ ಪಾಸಾದೆವು. ಮದ್ರಸದ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯೂ ಅದೇ ಸುಮಾರಿಗೆ ಮುಗಿದಿತ್ತು. ಹೈಸ್ಕೂಲಿಗೆ ಹೋಗಲು ಬಸ್ಸು ಹಿಡಿಯಬೇಕು. “ಹೆಣ್ಮಕ್ಕಳಿಗೆ ಇಷ್ಟು ಸಾಕು” ಎಂದರು ಹಿರಿಯರು. ಗದರಿಸಿ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ರಜೆ ಮುಗಿಯುವ ಮೊದಲೇ ನಮ್ಮ ಮಡಿಲಿಗೆ ಬೀಡಿಯ ಗೆರಸೆ ಬಂತು. ಐದಾರು ವರ್ಷಗಳಲ್ಲಿ ಮದುವೆಗಳಾದವು.

ಹತ್ತನೇ ತರಗತಿಯ ಬೆಲೆ ನಮಗೆ ಮೊದಲು ತಿಳಿದದ್ದು ಗಂಡಸರಿಂದ. ನಮ್ಮಲ್ಲೊಬ್ಬಳ ಗಂಡ ಸೌದಿಗೆ ಹೊರಟಾಗ ಅವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದಾಗಿತ್ತು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಇಲಾಖೆಯ ಅನುಮತಿ ಬೇಕು. ಪಾಸಾದವರಿಗೆ ಆ ತೊಂದರೆಯಿಲ್ಲ. ಒಂದು ಅಂಕಪಟ್ಟಿ ಮನುಷ್ಯನನ್ನು ಬೇರೆ ಸಾಲಿನಲ್ಲಿ ನಿಲ್ಲಿಸುತ್ತದೆ ಎಂದು ಅಂದು ಅರ್ಥವಾಯಿತು.

2008ರಲ್ಲಿ ಒಬ್ಬ ಏಜೆಂಟ್ ಬಂದ. “ಪರೀಕ್ಷೆ ಬರೆಯುವುದೇ ಬೇಡ, ನೇರ ಎಸೆಸೆಲ್ಸಿ, ಮತ್ತೆ ನೇರ ಡಿಗ್ರಿ” ಎಂದ. ಬೀಡಿಯಲ್ಲಿ ಉಳಿಸಿದ ಹಣವನ್ನು ಮೂವರೂ ಕೊಟ್ಟೆವು. ಬಣ್ಣದ ಮುದ್ರೆ ಇದ್ದ ಸರ್ಟಿಫಿಕೇಟ್ ಅಂಚೆಯಲ್ಲಿ ಬಂತು. ಅದನ್ನು ಹಿಡಿದು ಒಂದು ಕಾಲೇಜಿಗೆ ಹೋದಾಗ ಅಲ್ಲಿನ ಗುಮಾಸ್ತರು ತಿರುಗಿಸಿ ನೋಡಿ, “ಇಂಥ ಬೋರ್ಡ್ ಎಲ್ಲೂ ಇಲ್ಲಮ್ಮಾ” ಎಂದರು. ಬರುವಾಗ ಬಸ್ಸಿನಲ್ಲಿ ನಾವು ಮಾತಾಡಲಿಲ್ಲ. ಹಣ ಹೋದ ನೋವಿಗಿಂತ, ಪರೀಕ್ಷೆಯಿಲ್ಲದೆ ಪಾಸಾಗಬಹುದೆಂದು ನಂಬಿದ ನಾಚಿಕೆ ದೊಡ್ಡದಾಗಿತ್ತು.

ಸರಿಯಾದ ದಾರಿ ತೋರಿಸಿದವರು ಮಕ್ಕಳ ಶಾಲೆಯ ಟೀಚರ್. ಹದಿನೈದು ವರ್ಷ ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸೆಸೆಲ್ಸಿ ಪರೀಕ್ಷೆ ಬರೆಯಬಹುದು, ಹೈಸ್ಕೂಲಿನ ಮೂಲಕ ಅರ್ಜಿ ಕೊಟ್ಟರಾಯಿತು ಎಂದರು. ಆರು ವಿಷಯ, ಒಟ್ಟು 625 ಅಂಕ. ಫೇಲಾದ ವಿಷಯವನ್ನಷ್ಟೇ ಮತ್ತೆ ಬರೆದರೆ ಸಾಕು. ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಎಂಬ ಇನ್ನೊಂದು ದಾರಿಯೂ ಇದೆ. 1989ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಹದಿನಾಲ್ಕು ತುಂಬಿದವರು ಸೇರಬಹುದು. ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಐದು ವಿಷಯಗಳನ್ನು ಐದು ವರ್ಷಗಳಲ್ಲಿ, ಒಂಬತ್ತು ಅವಕಾಶಗಳಲ್ಲಿ ಮುಗಿಸಬಹುದು. ಗಣಿತ ಕಡ್ಡಾಯವಲ್ಲ.

ನಾವು ಕನ್ನಡದಲ್ಲೇ ಓದಿದವರಾದ್ದರಿಂದ ಎಸೆಸೆಲ್ಸಿಯನ್ನೇ ಆರಿಸಿದೆವು. ಇಶಾ ನಮಾಝ್ ಮುಗಿಸಿ, ಮಕ್ಕಳನ್ನು ಮಲಗಿಸಿ ಓದು. ಹಗಲು ಬೀಡಿ ಕಟ್ಟುವಾಗ ಒಬ್ಬಳು ಸಮಾಜ ವಿಜ್ಞಾನ ಗಟ್ಟಿಯಾಗಿ ಓದುವಳು, ಇಬ್ಬರು ಕೇಳುವೆವು. ಬೀಜಗಣಿತ ಹೇಳಿಕೊಟ್ಟದ್ದು ಹೈಸ್ಕೂಲಿಗೆ ಹೋಗುತ್ತಿದ್ದ ನೆರೆಮನೆಯ ಹುಡುಗಿ. “ಇನ್ನು ಓದಿ ಕಲೆಕ್ಟರ್ ಆಗುವುದುಂಟಾ?” ಎಂದು ಕೆಲವರು ನಕ್ಕರು. ನಮ್ಮಲ್ಲಿ ಹಿರಿಯಳ ಅತ್ತೆ ಮಾತ್ರ, ಪರೀಕ್ಷೆಯ ದಿನ ಮೂರೂ ಮನೆಯ ಮಕ್ಕಳನ್ನು ತನ್ನ ಬಳಿ ಕೂರಿಸಿಕೊಂಡು, “ನೀವು ಹೋಗಿ, ಗಂಜಿ ನಾನು ಬೇಯಿಸುತ್ತೇನೆ” ಎಂದರು. ಆ ಗಂಜಿ ಇಲ್ಲದಿದ್ದರೆ ನಮ್ಮ ಪರೀಕ್ಷೆಯೂ ಇರುತ್ತಿರಲಿಲ್ಲ.

ಒಬ್ಬಳು 2010ರಲ್ಲಿ ಒಂದೇ ಬಾರಿಗೆ ಪಾಸಾದಳು. ಇನ್ನೊಬ್ಬಳಿಗೆ ಗಣಿತಕ್ಕೆ ಮೂರು ಬಾರಿ ಕೂರಬೇಕಾಯಿತು. ಮೂರನೆಯವಳು ಇಂಗ್ಲಿಷ್‌ನಲ್ಲಿ ಎರಡು ಸಲ ಫೇಲಾಗಿ, ಉಮ್ಮನಿಗೆ ಕಾಯಿಲೆಯಾದಾಗ ಬಿಟ್ಟಳು. ಅವಳನ್ನು ನಾವು ಸೋತವಳೆಂದು ಎಣಿಸಿಲ್ಲ. ಆದರೆ ಅವಳ ಮನೆಯಲ್ಲೂ ಗಂಜಿ ಬೇಯಿಸುವ ಒಂದು ಜೀವ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ.

ಪಾಸಾದ ಇಬ್ಬರಲ್ಲಿ ಒಬ್ಬಳು ಕಲಾ ವಿಭಾಗದಲ್ಲಿ ಖಾಸಗಿಯಾಗಿಯೇ ಪಿಯುಸಿ ಮುಗಿಸಿ, ಈಗ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಓದುತ್ತಿದ್ದಾಳೆ. ನಿಧಾನವಾದರೂ ಮೆಟ್ಟಿಲು ಹತ್ತಿ ಹೋಗುವುದೇ ಲೇಸು ಎಂಬುದು ನಮ್ಮ ಅನುಭವ. ಹಿಂದೆ ಇಗ್ನೋ ವಿಶ್ವವಿದ್ಯಾನಿಲಯ ಪಿಯುಸಿ ಇಲ್ಲದವರಿಗೆ ಆರು ತಿಂಗಳ ಪೂರ್ವಸಿದ್ಧತಾ ಕೋರ್ಸಿನ ಮೂಲಕ ಪದವಿಗೆ ದಾರಿ ತೆರೆದಿತ್ತು. ಅನೇಕರಿಗೆ ಅದು ನೆರವಾಯಿತು. ಆದರೆ ಆ ಕೋರ್ಸ್ ಪಿಯುಸಿಗೆ ಸಮಾನವಾಗಿರಲಿಲ್ಲ. ಮಾನ್ಯತೆಯನ್ನೂ ಆಯಾ ವರ್ಷವೇ ವಿಚಾರಿಸಿಕೊಳ್ಳಬೇಕು. ಮೈಸೂರಿನ ಮುಕ್ತ ವಿ.ವಿ.ಗೂ 2013–14ರಿಂದ ಯುಜಿಸಿ ಮಾನ್ಯತೆ ಇಲ್ಲದೆ, 2018ರಲ್ಲಿ ಮತ್ತೆ ದೊರೆಯಿತು.

ನಮ್ಮಲ್ಲಿ ವಿದ್ಯೆಯನ್ನು ಮಕ್ಕಳ ವಿಷಯವೆಂದೇ ತಿಳಿಯುತ್ತೇವೆ. ಪ್ರವಾದಿ(ಸ)ಯವರ ಪತ್ನಿ ಹಫ್ಸಾ(ರ)ರಿಗೆ ಬರೆಯಲು ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ. ಕಲಿಕೆಗೆ ವಯಸ್ಸಿನ ಗಡಿ ಹಾಕಿದವರು ನಾವೇ.

2006ರ ಸಾಚಾರ್ ವರದಿಯ ಪ್ರಕಾರ ದೇಶದಲ್ಲಿ 6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳ ಪೈಕಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತದವರು ಅಥವಾ ನಡುವೆ ಬಿಟ್ಟವರು. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿದ್ದಾರೆ, ತಾಯಿ-ತಂದೆಯರಾಗಿದ್ದಾರೆ. ನಮ್ಮ ಜಮಾಅತ್‌ಗಳು ರ್‍ಯಾಂಕ್ ಪಡೆದ ಮಕ್ಕಳಿಗೆ ಶಾಲು ಹೊದೆಸುತ್ತವೆ. ಸಂತೋಷ. ಅದರ ಜೊತೆಗೆ ವರ್ಷಕ್ಕೊಮ್ಮೆ ಮದ್ರಸದ ಒಂದು ಕೋಣೆಯಲ್ಲಿ ಕುಳಿತು ಇಂಥವರ ಅರ್ಜಿ ತುಂಬಿಸಿಕೊಟ್ಟರೆ, ಪರೀಕ್ಷೆಯ ದಿನ ಅವರ ಮಕ್ಕಳನ್ನು ನೋಡಿಕೊಳ್ಳುವವರಿದ್ದರೆ, ಖರ್ಚು ದೊಡ್ಡದಲ್ಲ.

ಕಳೆದ ವರ್ಷ ಕಿರಿ ಮಗಳ ಕಾಲೇಜು ಅರ್ಜಿ ತುಂಬುವಾಗ ಅದೇ ಕಾಲಂ ಬಂತು. ಮಗಳು ಕೇಳದೆಯೇ ಬರೆದಳು: ‘ಬಿ.ಎ. ಓದುತ್ತಿದ್ದಾರೆ.’